ದೇಹದೊಳಗಣ ದಾಸೋಹ



ಹೊಲದ ಕಾಲುವೆಯಲ್ಲಿ ಹೂಳು ತುಂಬಿದರೆ ರೈತನು ಸನಿಕೆ ಹಿಡಿದು ಓಡುತ್ತಾನೆ. ಆದರೆ ತನ್ನ ಮೈಯೊಳಗೆ ಹಗಲಿರುಳು ಹರಿಯುವ ಕಾಲುವೆಗಳ ಕಡೆಗೆ ಅವನ ಲಕ್ಷ್ಯ ಹೋಗುವುದಿಲ್ಲ. ಇಷ್ಟಲಿಂಗವನ್ನು ಧರಿಸುವುದು ಈ ಶರೀರದ ಮೇಲೆಯೇ ಆದುದರಿಂದ, ಇದರ ರಚನೆಯನ್ನು ಅರಿಯುವುದು ಬರೀ ಲೌಕಿಕದ ಮಾತೆಂದು ಯಾರೂ ಭಾವಿಸಬಾರದು.

ಸಂಸ್ಕೃತದಲ್ಲಿ ರಕ್ತನಾಳಗಳಿಗೆ ಧಮನಿ, ಸಿರಾ ಎಂಬ ಹೆಸರುಗಳುಂಟು. ಊದು ಎಂಬ ಅರ್ಥದ ಧಾತುವಿನಿಂದ ಧಮನಿ, ಸರಿ ಎಂಬ ಅರ್ಥದ ಧಾತುವಿನಿಂದ ಸಿರಾ ಎಂದು ಚರಕಸಂಹಿತೆ ಬಿಡಿಸಿ ಹೇಳುತ್ತದೆ. ಸುಶ್ರುತಸಂಹಿತೆಯು 700 ಸಿರೆಗಳನ್ನು ಎಣಿಸಿ, ನಾಭಿಯೇ ಅವುಗಳ ಮೂಲವೆಂದಿತು. ಗರ್ಭದಲ್ಲಿರುವ ಕೂಸಿಗೆ ಹೊಕ್ಕುಳಬಳ್ಳಿಯ ನಾಳವೇ ಆಹಾರ ತರುವುದರಿಂದ ಕೂಸಿನ ಮಟ್ಟಿಗೆ ಆ ಮಾತು ಒಪ್ಪುವಂಥದು. ಹುಟ್ಟಿದ ಮೇಲೆ ಆ ದಾರಿ ಮುಚ್ಚಿಹೋಗುತ್ತದೆ. ಆಮೇಲೆ ಹೃದಯವೇ ಎಲ್ಲಕ್ಕೂ ಕೇಂದ್ರ. ರಕ್ತವು ಹೃದಯದಿಂದ ಹೊರಟು ಹೃದಯಕ್ಕೇ ಮರಳುತ್ತದೆಂದು ಇಂಗ್ಲೆಂಡಿನ ವೈದ್ಯ ವಿಲಿಯಂ ಹಾರ್ವೆ 1628ರಲ್ಲಿ ತೋರಿಸಿದನು. ಹೋಗುವ ನಾಳದಿಂದ ಬರುವ ನಾಳಕ್ಕೆ ರಕ್ತ ದಾಟುವ ದಾರಿ ಮಾತ್ರ ಅವನಿಗೆ ಕಾಣಲಿಲ್ಲ. ಅವನು ತೀರಿಕೊಂಡ ನಾಲ್ಕು ವರ್ಷಗಳ ತರುವಾಯ, 1661ರಲ್ಲಿ, ಇಟಲಿಯ ಮಾಲ್ಪೀಗಿ ಎಂಬ ವಿದ್ವಾಂಸನು ಸೂಕ್ಷ್ಮದರ್ಶಕದ ಮೂಲಕ ಕಪ್ಪೆಯ ಶ್ವಾಸಕೋಶದಲ್ಲಿ ಅದನ್ನು ಕಂಡನು. ಹಿರಿಯರು ನಿಲ್ಲಿಸಿದಲ್ಲಿಂದ ಮುಂದೆ ನೋಡುವುದೇ ಹಿರಿಯರಿಗೆ ಸಲ್ಲಿಸುವ ಗೌರವ.

ನಾಳಗಳಲ್ಲಿ ಮೂರು ಬಗೆ. ಹೃದಯದಿಂದ ರಕ್ತವನ್ನು ಒಯ್ಯುವವು ಅಪಧಮನಿಗಳು. ಪ್ರತಿಯೊಂದು ಬಡಿತದ ಒತ್ತಡವನ್ನೂ ತಾಳಬೇಕಾದುದರಿಂದ ಅವುಗಳ ಗೋಡೆ ದಪ್ಪ. ಹಿಗ್ಗಿ ಕುಗ್ಗುವ ಗುಣವೂ ಅದಕ್ಕುಂಟು. ಮಣಿಕಟ್ಟಿನಲ್ಲಿ ವೈದ್ಯರು ಹಿಡಿದು ನೋಡುವ ನಾಡಿ ಇದೇ. ಅಪಧಮನಿಗಳು ಕವಲೊಡೆದು ಕವಲೊಡೆದು ಕೊನೆಗೆ ಲೋಮನಾಳಗಳಾಗುತ್ತವೆ. ಅವುಗಳ ಗೋಡೆ ಒಂದೇ ಜೀವಕೋಶದಷ್ಟು ತೆಳುವು; ಕೆಂಪು ರಕ್ತಕಣಗಳು ಒಂದರ ಹಿಂದೊಂದು ಸಾಲಾಗಿ ನುಸುಳಬೇಕು. ಪ್ರಾಣವಾಯು, ಅನ್ನರಸ ಅಂಗಾಂಗಕ್ಕೆ ಸಲ್ಲುವುದೂ, ಕಶ್ಮಲ ಹೊರಬರುವುದೂ ಇಲ್ಲಿಯೇ. ರಕ್ತವನ್ನು ಮರಳಿ ತರುವವು ಅಭಿಧಮನಿಗಳು. ಅವುಗಳಲ್ಲಿ ಒತ್ತಡ ಕಡಿಮೆ. ಆದುದರಿಂದ ಕಾಲಿನಿಂದ ಮೇಲೇರುವ ರಕ್ತ ಕೆಳಗೆ ಜಾರದಂತೆ ಒಳಗೆ ಪುಟ್ಟ ಕವಾಟಗಳಿವೆ. ನಡೆಯುವಾಗ ಮೀನಖಂಡದ ಸ್ನಾಯುಗಳು ಹಿಂಡಿ ರಕ್ತವನ್ನು ಮೇಲಕ್ಕೆ ನೂಕುತ್ತವೆ.

ಇಲ್ಲೊಂದು ಸೋಜಿಗ ನೋಡಿರಿ. ಮೈಯಲ್ಲಿರುವ ಸುಮಾರು 5 ಲೀಟರು ರಕ್ತವೆಲ್ಲ ಹೃದಯದ ಕೋಣೆಗಳ ಮೂಲಕವೇ ಹಾಯುತ್ತದೆ. ಆದರೂ ಹೃದಯದ ದಪ್ಪ ಸ್ನಾಯುವಿಗೆ ಅದರಿಂದ ನೇರವಾಗಿ ಹೊಟ್ಟೆ ತುಂಬದು. ಎಲ್ಲವನ್ನೂ ಹೊರಗೆ ಬಡಿಸಿ, ಮಹಾಪಧಮನಿಯಿಂದ ಕವಲೊಡೆದು ಬರುವ ಎರಡು ಸಣ್ಣ ನಾಳಗಳಿಂದ ತನ್ನ ಪಾಲನ್ನು ಪಡೆಯುತ್ತದೆ. ಉಗ್ರಾಣದ ಬೀಗದಕೈ ಇದ್ದವನೂ ಪಂಕ್ತಿಯಲ್ಲಿ ಕುಳಿತೇ ಉಣ್ಣಬೇಕೆಂಬ ದಾಸೋಹದ ನೀತಿ ಇದೇ ಅಲ್ಲವೇ?

ಈ ನಾಳಗಳಿಗೆ ದೊಡ್ಡ ಶತ್ರು ರಕ್ತದ ಏರೊತ್ತಡ. ಅದು ಬಹುಮಟ್ಟಿಗೆ ನೋವು ಕೊಡದೆ ಒಳಗೊಳಗೇ ಗೋಡೆಯನ್ನು ಕೆಡಿಸುತ್ತದೆ. ಕೆಟ್ಟ ಗೋಡೆಗೆ ಕೊಬ್ಬು ಹತ್ತಿ ದಾರಿ ಕಿರಿದಾಗುತ್ತದೆ. ಕೆಲವು ಭಕ್ತರು ನಮ್ಮಲ್ಲಿಗೆ ಬಂದು, “ಬುದ್ಧೀ, ಮೈ ಹಗುರವಾಗಿದೆ, ಮಾತ್ರೆ ಬಿಟ್ಟಿದ್ದೇವೆ, ವಿಭೂತಿ ಕೊಡಿ” ಎನ್ನುತ್ತಾರೆ. ವಿಭೂತಿಯನ್ನು ಸಂತೋಷದಿಂದ ಕೊಡುತ್ತೇವೆ. ಆದರೆ ವೈದ್ಯರನ್ನು ಕೇಳದೆ ಮಾತ್ರೆ ಬಿಡುವುದಕ್ಕೆ ನಮ್ಮ ಅಪ್ಪಣೆಯಿಲ್ಲ. ಮಾತ್ರೆ ನುಂಗಿದರೆ ಶಿವನಲ್ಲಿ ವಿಶ್ವಾಸ ಕಡಿಮೆಯಾದಂತೆ ಆಗುವುದಿಲ್ಲ. ದಿನಕ್ಕೆ 5 ಗ್ರಾಂ ಮೀರದಂತೆ ಉಪ್ಪು ಸಾಕು. ಉಪ್ಪಿನಕಾಯಿ, ಹಪ್ಪಳಗಳ ಉಪ್ಪೂ ಆ ಲೆಕ್ಕಕ್ಕೇ ಸೇರಿತು. ಬೀಡಿ, ತಂಬಾಕುಗಳನ್ನು ಇಂದೇ ಬಿಡಿರಿ.

ಇನ್ನೊಂದು ಮಾತನ್ನು ಮನೆಯ ಹೆಣ್ಣುಮಕ್ಕಳೂ ಮಕ್ಕಳೂ ನೆನಪಿಡಬೇಕು. ಒಮ್ಮೆಲೇ ಬಾಯಿ ಸೊಟ್ಟಗಾದರೆ, ಒಂದು ಕೈ ಬಲಗುಂದಿದರೆ, ಮಾತು ತೊದಲಿದರೆ ಮಿದುಳಿನ ನಾಳಕ್ಕೆ ಆಪತ್ತು ಬಂದಿದೆಯೆಂದು ತಿಳಿಯಿರಿ. ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಮದ್ದನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಗಳೊಳಗೆ ಕೊಡಬೇಕಾಗುತ್ತದೆ. ಆ ಹೊತ್ತಿನಲ್ಲಿ ನಾಟಿಮದ್ದು, ಹರಕೆ ಎಂದು ಕಾಲ ಕಳೆಯಬೇಡಿರಿ, ಮಠಕ್ಕೂ ಕರೆತರಬೇಡಿರಿ. ನೇರವಾಗಿ ದೊಡ್ಡ ಆಸ್ಪತ್ರೆಗೆ ಹೋಗಿರಿ. ಮಠ ಇಲ್ಲಿಯೇ ಇರುತ್ತದೆ. ಗುಣವಾದ ಮೇಲೆ ನಡೆದುಕೊಂಡೇ ಬರಬಹುದು.

ನಿಮ್ಮೆಲ್ಲರ ಮೈಯ ಕಾಲುವೆಗಳು ತಿಳಿಯಾಗಿ ಹರಿಯಲಿ, ಕಾಯಕಕ್ಕೆ ಬಲ ಬರಲಿ ಎಂದು ಹಾರೈಸುತ್ತೇವೆ.