ಅತ್ತೆಯ ಬೆನ್ನು ಬಾಗಿದ್ದು ವಯಸ್ಸಿನಿಂದಲ್ಲ

ಶ್ರೀನಿವಾಸಪುರದಲ್ಲಿ ಮಾವಿನ ಸುಗ್ಗಿಯ ಕಾಲ. ಜಗಲಿಯ ಮೇಲಿದ್ದ ಹಣ್ಣಿನ ಮಂಕರಿಯೊಂದನ್ನು ಒಳಗಿಡಲೆಂದು ನನ್ನ ಸೋದರತ್ತೆ ಬಾಗಿ ಎತ್ತಿದರು. ನಡುಬೆನ್ನಿನಲ್ಲಿ ಛಳುಕು ಹೊಡೆಯಿತು. ಅರುವತ್ತೆಂಟರ ಜೀವ, ಎಲ್ಲೋ ಉಳುಕಿರಬೇಕೆಂದು ಮನೆಯವರೆಲ್ಲ ಬಗೆದೆವು. ಎಣ್ಣೆ ಕಾಯಿಸಿ ತಿಕ್ಕಿದ್ದಾಯಿತು, ಶಾಖ ಕೊಟ್ಟದ್ದಾಯಿತು. ಕೆಲವು ವಾರಗಳಲ್ಲಿ ನೋವು ಇಳಿಯಿತು. ಆದರೆ ಎರಡು ವರ್ಷ ಕಳೆಯುವಷ್ಟರಲ್ಲಿ ಬೆನ್ನು ಬಾಗಿತು. ಸೀರೆಯ ಅಂಚು ನೆಲ ಗುಡಿಸತೊಡಗಿತು. “ವಯಸ್ಸಾಯಿತಲ್ಲಪ್ಪಾ, ಬೆನ್ನು ಬಾಗದೆ ಇನ್ನೇನಾದೀತು?” ಎಂದು ಅವರು ನಕ್ಕರು. ನಾವೂ ನಕ್ಕೆವು. ಆ ನಗುವಿಗಾಗಿ ನಾನಿಂದು ನಾಚುತ್ತೇನೆ.

ಕಡೆಗೆ ಕೋಲಾರದಲ್ಲಿ ಎಕ್ಸ್-ರೇ ತೆಗೆಸಿದಾಗ ನಿಜ ತಿಳಿಯಿತು. ಬೆನ್ನೆಲುಬಿನ ಎರಡು ಮಣಿಗಳು ಮುರಿದು ಕುಸಿದಿದ್ದವು. ಎಲುಬು ಒಳಗೊಳಗೇ ಟೊಳ್ಳಾಗುವ ಈ ರೋಗಕ್ಕೆ ವೈದ್ಯರು ಆಸ್ಟಿಯೊಪೊರೋಸಿಸ್ ಎನ್ನುತ್ತಾರೆ. ಹೀಗೆ ಸೊರಗಿದ ಮಣಿ ಮುರಿಯಲು ಬೀಳಬೇಕೆಂದಿಲ್ಲ; ಬಾಗಿದರೆ ಸಾಕು, ಕೆಮ್ಮಿದರೂ ಸಾಕು. ಬೆನ್ನೆಲುಬಿನ ಇಂಥ ಮುರಿತಗಳಲ್ಲಿ ಮೂರರಲ್ಲಿ ಎರಡು ಪಾಲು ವೈದ್ಯರ ಗಮನಕ್ಕೇ ಬರುವುದಿಲ್ಲವೆಂದು ಅಂದಾಜು. ಅವೆಲ್ಲವೂ ‘ಮುಪ್ಪು’ ಎಂಬ ಲೆಕ್ಕಕ್ಕೆ ಸೇರಿಹೋಗುತ್ತವೆ.

ಕುಸಿದ ಮಣಿಯ ಮುಂಭಾಗ ತಗ್ಗಿ, ಹಿಂಭಾಗ ಹಾಗೆಯೇ ನಿಲ್ಲುತ್ತದೆ. ಇಂಥ ಎರಡು ಮೂರು ಸೇರಿದರೆ ಗೂನು ಮೂಡುತ್ತದೆ. ಪಕ್ಕೆಲುಬುಗಳು ಸೊಂಟದ ಕಡೆಗೆ ಜಗ್ಗಿ, ಶ್ವಾಸಕೋಶಕ್ಕೂ ಹೊಟ್ಟೆಗೂ ಇರುವ ಜಾಗ ಕಿರಿದಾಗುತ್ತದೆ. ನಾಲ್ಕು ಹೆಜ್ಜೆಗೆ ಏದುಸಿರು, ಎರಡು ತುತ್ತಿಗೆ ಹೊಟ್ಟೆ ತುಂಬಿದ ಭಾವ. ಅತ್ತೆ ಊಟ ಬಿಡುತ್ತಿದ್ದುದು ಹಟದಿಂದಲ್ಲವೆಂದು ಅರಿವಾದದ್ದು ಆಗಲೇ.

ಈ ರೋಗ ಬಾಳಿನಿಂದ ಏನನ್ನು ಕಿತ್ತುಕೊಳ್ಳುತ್ತದೆಂದು ಅಳೆಯಲು ಯೂರೋಪಿನ ವೈದ್ಯರು 1990ರ ದಶಕದಲ್ಲಿ 41 ಪ್ರಶ್ನೆಗಳ ಒಂದು ಪಟ್ಟಿ ಮಾಡಿದರು. ನೋವು, ಮನೆಗೆಲಸ, ನಡಿಗೆ, ಜನರೊಡನೆ ಬೆರೆಯುವುದು, ಮನಸ್ಸಿನ ಸ್ಥಿತಿ, ಇವೆಲ್ಲವನ್ನೂ ರೋಗಿಯ ಬಾಯಿಂದಲೇ ಕೇಳಿ ತಿಳಿಯುವ ಕ್ರಮವದು. ಅದನ್ನು ನಮ್ಮ ಸೀಮೆಯ ಬದುಕಿಗೆ ಹೊಂದಿಸಿದರೆ ಹೀಗಾದೀತು: ಬಾಗಿಲ ಮುಂದೆ ಬಗ್ಗಿ ರಂಗೋಲಿ ಇಡಬಲ್ಲಿರಾ? ಮಾಲೂರಿನ ಮದುವೆಗೆ ಬಸ್ಸು ಹತ್ತಬಲ್ಲಿರಾ? ಮುಳಬಾಗಿಲಿನ ಆಂಜನೇಯನ ಮುಂದೆ ತಲೆಯೆತ್ತಿ ನಿಲ್ಲಬಲ್ಲಿರಾ? ಕಾರ್ತಿಕ ಸೋಮವಾರ ಅಂತರಗಂಗೆಯ ಮೆಟ್ಟಿಲೇರಬಲ್ಲಿರಾ? ಬಿದ್ದೇನೆಂಬ ಭಯದಿಂದ ಅತ್ತೆ ಒಂದೊಂದನ್ನೇ ಬಿಟ್ಟಿದ್ದರು. ನಾವು ಅದನ್ನು ವೈರಾಗ್ಯವೆಂದು ಹೊಗಳಿದ್ದೆವು!

‘ಹಿಟ್ಟಂ ತಿಂದಂ ಬೆಟ್ಟಂ ಕಿತ್ತಿಟ್ಟಂ’ ಎನ್ನುವ ರಾಗಿಯ ನಾಡಿನಲ್ಲಿ ಎಲುಬು ಟೊಳ್ಳಾಗುವುದುಂಟೆ ಎಂದು ವಾಚಕರು ಕೇಳಬಹುದು. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದ ಅಂಶವಿದೆ; ಅಕ್ಕಿಯಲ್ಲಿ ಅದು ಹತ್ತರ ಆಸುಪಾಸು. ಆದರೆ ಮುಟ್ಟು ನಿಂತ ಮೇಲೆ ಹೆಂಗಸರ ದೇಹದಲ್ಲಿ ಎಲುಬನ್ನು ಕಾಯುವ ಈಸ್ಟ್ರೋಜೆನ್ ಕುಗ್ಗಿ, ಸವೆತ ವೇಗವಾಗುತ್ತದೆ. ಬಿಸಿಲು ಕಾಣದೆ ‘ಡಿ’ ಜೀವಸತ್ವ ಕಡಿಮೆಯಾದರೆ ತಿಂದ ಸುಣ್ಣವೂ ಸರಿಯಾಗಿ ಮೈಗೆ ಹತ್ತದು. ಹೊಗೆಸೊಪ್ಪು, ಬಹುಕಾಲ ನುಂಗಿದ ಸ್ಟೀರಾಯ್ಡ್ ಮಾತ್ರೆಗಳು ಗಂಡಸರನ್ನೂ ಬಿಡವು.

ನಮ್ಮ ಕಡೆ ಬೆನ್ನುನೋವೆಂದರೆ “ನೀರಿನ ದೋಷ” ಎನ್ನುವುದು ವಾಡಿಕೆ. ಕೋಲಾರ ಜಿಲ್ಲೆಯ ಹಲವೆಡೆ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಹೆಚ್ಚಿರುವುದು ನಿಜವೇ. ಲೀಟರಿಗೆ 1.5 ಮಿಲಿಗ್ರಾಂ ಮೀರಿದ ನೀರು ಕುಡಿಯಲು ತಕ್ಕುದಲ್ಲ. ಅಂಥ ನೀರಿನಿಂದ ಬರುವ ಫ್ಲೋರೋಸಿಸ್‌ನಲ್ಲಿ ಸಾಮಾನ್ಯವಾಗಿ ಬೆನ್ನು ಬಿಗಿದುಕೊಳ್ಳುತ್ತದೆ, ಎಕ್ಸ್-ರೇಯಲ್ಲಿ ಎಲುಬು ಹೆಚ್ಚು ದಟ್ಟವಾಗಿ ಕಾಣುತ್ತದೆ. ಟೊಳ್ಳು ಎಲುಬಿನ ಕಥೆಯೇ ಬೇರೆ. ಯಾವುದೆಂದು ವೈದ್ಯರು ಹೇಳಬೇಕೇ ಹೊರತು ನೆರೆಹೊರೆಯವರಲ್ಲ.

ಬಾಗಿದ ಬೆನ್ನು ಮತ್ತೆ ಪೂರ್ತಿ ನೆಟ್ಟಗಾಗದು. ಆದರೆ ಮುಂದಿನ ಮುರಿತವನ್ನು ಬಹುಮಟ್ಟಿಗೆ ತಡೆಯಬಹುದು. ಒಂದು ಮಣಿ ಮುರಿದವರಲ್ಲಿ ಐವರಿಗೊಬ್ಬರಿಗೆ ವರ್ಷದೊಳಗೆ ಇನ್ನೊಂದು ಮುರಿಯುತ್ತದೆಂಬುದನ್ನು ನೆನೆದರೆ ಈ ಮಾತಿನ ಬೆಲೆ ತಿಳಿದೀತು. ಎಲುಬಿನ ಸಾಂದ್ರತೆ ಅಳೆಯುವ ಡೆಕ್ಸಾ ಪರೀಕ್ಷೆ ಇದೆ. ವಾರಕ್ಕೊಮ್ಮೆ ನುಂಗುವ ಮಾತ್ರೆಯಿದೆ, ವರ್ಷಕ್ಕೊಮ್ಮೆ ರಕ್ತನಾಳಕ್ಕೆ ಕೊಡುವ ಔಷಧವಿದೆ. ಜೊತೆಗೆ ಸುಣ್ಣದ ಅಂಶ, ‘ಡಿ’ ಜೀವಸತ್ವ, ನಡಿಗೆ, ವೈದ್ಯರು ಹೇಳಿಕೊಟ್ಟ ವ್ಯಾಯಾಮ. ಬಗ್ಗಿ ಭಾರ ಎತ್ತುವುದೂ ಬೆನ್ನನ್ನು ಬಲವಾಗಿ ತಿಕ್ಕಿಸುವುದೂ ಸಲ್ಲದು.

ಅತ್ತೆ ಈಗ ರಂಗೋಲಿಯನ್ನು ಎತ್ತರದ ಕಟ್ಟೆಯ ಮೇಲೆ, ನಿಂತೇ ಇಡುತ್ತಾರೆ. ಕಳೆದ ಕಾರ್ತಿಕದಲ್ಲಿ ಅಂತರಗಂಗೆಯ ಬುಡದವರೆಗೆ ಬಂದು, “ಮೇಲಿನ ತೀರ್ಥ ನೀನೇ ತಂದುಕೊಡಪ್ಪಾ” ಎಂದರು. ತಂದುಕೊಟ್ಟೆ. ಆದರೆ ಎರಡು ವರ್ಷ ಮೊದಲೇ ಒಂದು ಎಕ್ಸ್-ರೇ ತೆಗೆಸಿದ್ದರೆ ಅವರೇ ಮೇಲೇರುತ್ತಿದ್ದರೇನೋ ಎಂಬ ಮಾತು ಮನಸ್ಸನ್ನು ಬಿಟ್ಟಿಲ್ಲ.

ಈ ಹಬ್ಬಕ್ಕೆ ಊರಿಗೆ ಹೋದಾಗ ಮನೆಯ ಹಿರಿಯರನ್ನು ಗೋಡೆಗೆ ಒರಗಿಸಿ ನಿಲ್ಲಿಸಿ, ಅಳೆಯಿರಿ. ಹರೆಯದ ಎತ್ತರಕ್ಕಿಂತ ನಾಲ್ಕು ಸೆಂಟಿಮೀಟರ್ ಕುಗ್ಗಿದ್ದರೆ ನಗಬೇಡಿ, ವೈದ್ಯರಲ್ಲಿಗೆ ಕರೆದೊಯ್ಯಿರಿ.