ಈ ವಾರ ಏನು ಕೇಳಿದ್ರಿ?

'ಇವತ್ತು ಏನು ಅಡುಗೆ?' ಎಂದು ಕೇಳುವುದು ನಮಗೆಲ್ಲ ಅಭ್ಯಾಸ. 'ಈ ವಾರ ಏನು ಕೇಳಿದ್ರಿ?' ಎಂದು ಯಾರಾದರೂ ಕೇಳಿ ನೋಡಲಿ. 'ಅಯ್ಯೋ, ಸಂಗೀತ ಕೇಳೋಕೆ ನಮಗೆಲ್ಲಿ ಪುರುಸೊತ್ತು ರೀ!' ಎನ್ನುವ ಉತ್ತರ ಬಾಯಲ್ಲೇ ಇರುತ್ತದೆ.

ಹೀಗೆ ಹೇಳುವವರಲ್ಲಿ ಎಷ್ಟೋ ಜನ ಮದುವೆಗೆ ಮುಂಚೆ ಸಂಗೀತ ಕಲಿತವರೇ. ಜೂನಿಯರ್ ಪಾಸಾದವರು, ಸೀನಿಯರ್ ಅರ್ಧಕ್ಕೆ ಬಿಟ್ಟವರು, ವೀಣೆಗೆ ಹಳೇ ಸೀರೆ ಸುತ್ತಿ ಅಟ್ಟಕ್ಕೆ ಏರಿಸಿದವರು. ಹಾಡುವುದು ನಿಂತ ಮೇಲೆ ಕೇಳುವುದೂ ನಿಂತುಬಿಡುತ್ತದೆ. ಪುರುಸೊತ್ತಿಲ್ಲ ಅನ್ನುವುದು ನೆಪ. ಒಳ್ಳೆಯ ತೋಡಿ ಕಿವಿಗೆ ಬಿದ್ದರೆ 'ನಾನೂ ಹಾಡ್ತಿದ್ದೆ' ಅನ್ನುವ ಸಂಕಟ ಎದ್ದು ಬರುತ್ತದಲ್ಲ, ಅದಕ್ಕೆ ಹೆದರುತ್ತೇವೆ.

ನಮ್ಮ ಬಡಾವಣೆಯಲ್ಲಿ ನಾವು ಆರು ಮಂದಿ ಗುರುವಾರ ಮಧ್ಯಾಹ್ನ ಒಬ್ಬರ ಮನೆಯಲ್ಲಿ ಸೇರುತ್ತೇವೆ. ಕಿಟಿ ಪಾರ್ಟಿ ಅಲ್ಲ, ಭಜನಾ ಮಂಡಳಿಯೂ ಅಲ್ಲ. ಆ ವಾರ ಕೇಳಿದ ಒಂದು ಧ್ವನಿಮುದ್ರಣದ ಬಗ್ಗೆ ಮಾತಾಡಿ, ಅದನ್ನು ಇನ್ನೊಮ್ಮೆ ಒಟ್ಟಿಗೆ ಕೇಳಿ, ಮಕ್ಕಳು ಸ್ಕೂಲಿನಿಂದ ಬರುವಷ್ಟರಲ್ಲಿ ಮನೆಗೆ ಹೋಗುತ್ತೇವೆ. ಮೊದಮೊದಲು ಎಲ್ಲರೂ ಮೊಬೈಲಿಗೆ ಲಿಂಕುಗಳನ್ನು ಕಳಿಸುತ್ತಿದ್ದರು. ದಿನಕ್ಕೆ ಹತ್ತು. ಯಾರೂ ಒಂದನ್ನೂ ಪೂರ್ತಿ ಕೇಳಲಿಲ್ಲ! ಈಗ ವಾರಕ್ಕೆ ಒಬ್ಬರ ಸರದಿ, ಒಂದೇ ಹಾಡು. ಯಾರು ಹಾಡಿದ್ದು, ಯಾವ ರಾಗ, ಎಷ್ಟು ನಿಮಿಷ ಎಂದು ಹೇಳಬೇಕು. ಜೊತೆಗೆ ತಮಗೆ ಹಿಡಿಸಿದ ಜಾಗ ಯಾವುದು ಅನ್ನುವುದನ್ನೂ. 'ತುಂಬಾ ಚೆನ್ನಾಗಿದೆ' ಅಂದರೆ ಸಾಲದು. 'ನಾಲ್ಕನೇ ನಿಮಿಷದಲ್ಲಿ ನಿಷಾದದ ಮೇಲೆ ನಿಂತುಬಿಡ್ತಾರೆ, ಅಲ್ಲಿ ಕೇಳಿ' ಅಂದರೆ ಉಳಿದ ಐವರೂ ಆ ನಿಷಾದಕ್ಕೆ ಕಾಯುತ್ತಾರೆ.

ಮೂರು ನಿಮಿಷದಿಂದ ಶುರು ಮಾಡಿ

ಹೊಸದಾಗಿ ಕೇಳಲು ಕೂರುವವರು ಒಂದು ಗಂಟೆಯ ಖಯಾಲ್ ಅಥವಾ ರಾಗ-ತಾನ-ಪಲ್ಲವಿಯಿಂದ ಹೊರಟರೆ ಹತ್ತನೇ ನಿಮಿಷಕ್ಕೆ ಕುಕ್ಕರ್ ನೆನಪಾಗುತ್ತದೆ. ಹಳೆಯ 78 ಆರ್‌ಪಿಎಂ ಗ್ರಾಮಫೋನ್ ತಟ್ಟೆಗಳಿಂದ ಶುರು ಮಾಡುವುದು ಒಳ್ಳೆಯದು. ಅದರ ಒಂದು ಬದಿಯಲ್ಲಿ ಹಿಡಿಸುತ್ತಿದ್ದದ್ದು ಮೂರು ನಿಮಿಷ, ಸ್ವಲ್ಪ ಹೆಚ್ಚು ಕಡಿಮೆ. ಹಾಲು ಕಾಯುವಷ್ಟು ಹೊತ್ತು. ಅಷ್ಟರಲ್ಲೇ ಆಲಾಪ, ಬಂದಿಶ್, ತಾನ್ ಎಲ್ಲವನ್ನೂ ಮುಗಿಸಬೇಕಿತ್ತು. ಈ ತಟ್ಟೆಗಳು ಇಂಟರ್‌ನೆಟ್‌ನಲ್ಲಿ ಧಾರಾಳವಾಗಿ ಸಿಗುತ್ತವೆ.

ಗೌಹರ್ ಜಾನ್ ಹೆಸರು ಕೇಳಿದ್ದೀರಾ? 1902ರಲ್ಲಿ ಕಲ್ಕತ್ತದಲ್ಲಿ ಗ್ರಾಮಫೋನ್ ಕಂಪನಿಗೆ ಹಾಡಿದವರು, ನಮ್ಮ ದೇಶದಲ್ಲಿ ಮೊಟ್ಟಮೊದಲು ಧ್ವನಿಮುದ್ರಿಸಿಕೊಂಡ ಶಾಸ್ತ್ರೀಯ ಗಾಯಕರಲ್ಲಿ ಒಬ್ಬರು. ಹಾಡು ಮುಗಿಯುತ್ತಿದ್ದಂತೆ ಇಂಗ್ಲಿಷಿನಲ್ಲಿ ತಮ್ಮ ಹೆಸರು ಕೂಗಿ ಹೇಳುತ್ತಾರೆ. ತಟ್ಟೆಗಳು ತಯಾರಾಗುತ್ತಿದ್ದದ್ದು ಜರ್ಮನಿಯ ಹ್ಯಾನೋವರ್‌ನಲ್ಲಿ. ಯಾರ ಹಾಡು ಅಂತ ಅಲ್ಲಿಯವರಿಗೆ ಗೊತ್ತಾಗಬೇಕಲ್ಲ! ಅವರು ಕೊನೆಗೆ ಬಂದದ್ದು ನಮ್ಮ ಮೈಸೂರಿಗೆ. 1928ರಲ್ಲಿ ಅರಮನೆಯ ಆಸ್ಥಾನಕ್ಕೆ ಸೇರಿ, 1930ರ ಜನವರಿಯಲ್ಲಿ ಅಲ್ಲೇ ತೀರಿಕೊಂಡರು. ಈ ಕಥೆ ತಿಳಿದು ಆ ತಟ್ಟೆ ಕೇಳಿದರೆ, ಕರಕರ ಸದ್ದಿನ ಒಳಗಿಂದ ಬರುವ ಆ ಗಟ್ಟಿ ದನಿ ಬೇರೆಯೇ ಆಗಿ ಕೇಳುತ್ತದೆ.

ಕೇಸರಬಾಯಿ ಕೇರ್ಕರ್ ಅವರ ಭೈರವಿಯೂ ಇಷ್ಟೇ ಚಿಕ್ಕದು, ಮೂರೂವರೆ ನಿಮಿಷ. 1977ರಲ್ಲಿ ವಾಯೇಜರ್ ಗಗನನೌಕೆಗಳ ಜೊತೆ ಕಳಿಸಿದ ಚಿನ್ನದ ಲೇಪದ ತಟ್ಟೆಯಲ್ಲಿ ಭಾರತದಿಂದ ಸೇರಿದ ಸಂಗೀತ ಅದೊಂದೇ.

ನಮ್ಮ ಗುಂಪಿನಲ್ಲಿ ಎಲ್ಲರನ್ನೂ ಅಲ್ಲಾಡಿಸಿದ್ದು ಮಾತ್ರ ಗಂಗೂಬಾಯಿ ಹಾನಗಲ್. ಅವರ 1930ರ ದಶಕದ ತಟ್ಟೆಗಳಲ್ಲಿ ಕೇಳುವುದು ತೆಳ್ಳಗಿನ, ಎತ್ತರದ ಹುಡುಗಿ ದನಿ. ನಾವೆಲ್ಲ ಬಲ್ಲ ಗಂಗಜ್ಜಿಯ ಆ ಗಂಡುದನಿ ಬಂದದ್ದು ಗಂಟಲಿನ ಶಸ್ತ್ರಚಿಕಿತ್ಸೆಯ ನಂತರ. ಬೇರೆ ಯಾರಾದರೂ ಆಗಿದ್ದರೆ 'ದನಿ ಹೋಯ್ತು' ಅಂತ ಕೂತುಬಿಡುತ್ತಿದ್ದರೇನೋ. ಅವರು ಆ ಹೊಸ ದನಿಗೆ ಒಪ್ಪುವ ಹಾಗೆ ಹಾಡುತ್ತಾ ಹೋದರು; ಅದೇ ಅವರ ಗುರುತಾಯಿತು. 2002ರಲ್ಲಿ ಪದ್ಮವಿಭೂಷಣ ಬಂತು.

ಒಂದು ಗುರುವಾರ ಎರಡನ್ನೂ ಒಂದರ ಹಿಂದೆ ಒಂದು ಹಾಕಿದೆವು. ನಮ್ಮಲ್ಲೊಬ್ಬರಿಗೆ ಥೈರಾಯ್ಡ್ ಆಪರೇಷನ್ ಆಗಿ ದನಿ ಇಳಿದಿದೆ, ಹಾಡುವುದನ್ನು ಬಿಟ್ಟು ಒಂಬತ್ತು ವರ್ಷ. ಕೇಳಿ ಮುಗಿದ ಮೇಲೆ ಅವರು ಏನೂ ಮಾತಾಡಲಿಲ್ಲ, ಕಾಫಿಯೂ ಕುಡಿಯದೆ ಎದ್ದು ಹೋದರು. ನಮಗೆಲ್ಲ ಕಸಿವಿಸಿ, ಬೇರೆ ಏನಾದರೂ ಹಾಕಬೇಕಿತ್ತೇನೋ ಅಂತ. ಮುಂದಿನ ವಾರ ಬಂದವರೇ, 'ನನ್ನ ಶ್ರುತಿ ಎರಡೂವರೆ ಮನೆ ಇಳಿದಿದೆ ಕಣ್ರೀ, ಅಲ್ಲೇ ಹಾಡ್ತಿದೀನಿ. ನಮ್ಮೆಜಮಾನ್ರಿಗೆ ಬಾಗಿಲು ಹಾಕ್ಕೋ ಅಂದ್ರೆ ನೀವೇ ಆಚೆ ಹೋಗಿ ಅಂದೆ' ಅಂದರು. (ಆಪರೇಷನ್ ಆಗಿರುವವರು ಹೀಗೆ ಶುರು ಮಾಡುವ ಮುಂಚೆ ಡಾಕ್ಟರನ್ನು ಒಂದು ಮಾತು ಕೇಳುವುದು ಒಳ್ಳೆಯದು.)

ಎರಡು ಪದ್ಧತಿ, ಒಂದು ಸೋಫಾ

ನಮ್ಮಲ್ಲಿ ಧಾರವಾಡದ ಕಡೆಯವರು ಇಬ್ಬರು, ಉಳಿದವರು ಮೈಸೂರು, ಬೆಂಗಳೂರಿನವರು. ಇವರು ಎಂ.ಎಲ್. ವಸಂತಕುಮಾರಿಯವರ ದೇವರನಾಮ ಅಂದರೆ ಅವರು ಮಲ್ಲಿಕಾರ್ಜುನ ಮನಸೂರ ಅನ್ನುತ್ತಾರೆ. 'ನಿಮ್ ಹಾಡು ಭಾಳ ಗಡಿಬಿಡಿ ಆತ್ರೀ ಅಕ್ಕಾರ' ಎಂದು ಅವರು, 'ನಿಮ್ಮದು ಶುರು ಆಗೋದೇ ಇಲ್ಲವಲ್ಲ' ಎಂದು ಇವರು! ಜಗಳ ಬಿಡಿಸಿದ್ದು ಭೂಪ್ ರಾಗ. ಕಿಶೋರಿ ಅಮೋಣ್ಕರ್ ಹಾಡಿದ ಭೂಪ್ ಹಾಕಿದಾಗ ಮೈಸೂರಿನವರು 'ಇದು ನಮ್ಮ ಮೋಹನ ಅಲ್ವೇನ್ರೀ?' ಎಂದರು. ಹೌದು, ಅದೇ ಐದು ಸ್ವರ. ನಡೆ ಮಾತ್ರ ಬೇರೆ. ಇಂಥ ಜೋಡಿಗಳು ಬೇಕಾದಷ್ಟಿವೆ: ದುರ್ಗಾ ಮತ್ತು ಶುದ್ಧ ಸಾವೇರಿ, ಯಮನ್ ಮತ್ತು ಕಲ್ಯಾಣಿ. ಆದರೆ ಹೆಸರು ನಂಬಿ ಹೋಗಬೇಡಿ. ಕರ್ನಾಟಕ ಪದ್ಧತಿಯ ಹಿಂದೋಳ ಎಂದರೆ ಹಿಂದೂಸ್ತಾನಿಯ ಮಾಲಕೌಂಸ್. ಅವರ ಹಿಂಡೋಲ್ ಬೇರೆಯೇ ರಾಗ. ನಮ್ಮ ತೋಡಿಯ ಸ್ವರಗಳು ಅವರ ಭೈರವಿಗೆ ಹತ್ತಿರ, ಅವರ ತೋಡಿ ನಮ್ಮ ಶುಭಪಂತುವರಾಳಿಗೆ. ಎರಡನ್ನೂ ಒಟ್ಟಿಗೆ ಕೇಳುವವರಿಗೆ ಇದೊಂದು ಒಳ್ಳೆಯ ಆಟ.

ಇನ್ನು, ಯಾವಾಗ ಕೇಳಬೇಕು? ಬೆಳಿಗ್ಗೆ ಎಂ.ಎಸ್. ಸುಬ್ಬುಲಕ್ಷ್ಮಿಯವರ ಸುಪ್ರಭಾತ ಹಾಕಿಯೇ ಹಾಕುತ್ತೇವೆ. ಆ ಎಲ್.ಪಿ. ಬಂದದ್ದು 1963ರಲ್ಲಿ, ಅಂದಿನಿಂದ ಎಷ್ಟೋ ಮನೆಗಳ ಅಲಾರಂ ಅದೇ. ಅದರ ಬಗ್ಗೆ ನನ್ನದೇನೂ ತಕರಾರಿಲ್ಲ. ಆದರೆ ಮಿಕ್ಸಿ ಸದ್ದಿನ ನಡುವೆ ಹಿನ್ನೆಲೆಯಲ್ಲಿ ಹಾಡುತ್ತಿದ್ದರೆ ಅದು ಕೇಳಿದ ಲೆಕ್ಕಕ್ಕೆ ಬರುವುದಿಲ್ಲ. ಹೂ ಕಟ್ಟುವಾಗ, ಬಟ್ಟೆ ಮಡಿಸುವಾಗ ಕೇಳಬಹುದು, ಕೈಗೆ ಕೆಲಸ, ಕಿವಿಗೆ ಬಿಡುವು. ಅವರೆಕಾಳು ಹಿಚುಕುತ್ತಾ ಒಂದು ಇಡೀ ಮುಲ್ತಾನಿ ಕೇಳಿದ್ದೇನೆ. ಅದು ಮಧ್ಯಾಹ್ನ ಇಳಿಯುವ ಹೊತ್ತಿನ ರಾಗ, ನಮಗೆ ಹೇಳಿ ಮಾಡಿಸಿದ್ದು. ಆ ಹೊತ್ತಿನಲ್ಲಿ ಕರೆಗಂಟೆ ಒತ್ತುವವರಿಗೆ ಸ್ವಲ್ಪ ಹೊತ್ತು ಬಿಟ್ಟು ಬರಲು ಹೇಳಿ, ಪ್ರಪಂಚವೇನೂ ಮುಳುಗಿಹೋಗುವುದಿಲ್ಲ.

ಅಟ್ಟದ ಮೇಲಿನ ಡಬ್ಬ

ನಿಮ್ಮ ಅಪ್ಪನೋ ಮಾವನವರೋ ರೇಡಿಯೊದಿಂದ, ರಾಮೋತ್ಸವದ ಕಛೇರಿಗಳಿಂದ ರೆಕಾರ್ಡ್ ಮಾಡಿಟ್ಟ ಕ್ಯಾಸೆಟ್ಟುಗಳು ಅಟ್ಟದ ಮೇಲಿದ್ದರೆ ದಯವಿಟ್ಟು ಗುಜರಿಗೆ ಹಾಕಬೇಡಿ. ಅಂಗಡಿಯಲ್ಲಿ ಮಾರಿದ ಕ್ಯಾಸೆಟ್ಟು ಬೇರೆಯವರ ಮನೆಯಲ್ಲೂ ಸಿಗಬಹುದು, ಇಂಥದ್ದು ನಿಮ್ಮ ಮನೆ ಬಿಟ್ಟರೆ ಇನ್ನೆಲ್ಲೂ ಇಲ್ಲದೇ ಇರಬಹುದು.

ಮೊದಲು ಡಬ್ಬ ಬಿಸಿಲಿನಿಂದ, ತೇವದಿಂದ ದೂರ ಇಳಿಸಿ. ಟೇಪಿನ ಅಂಚಿನಲ್ಲಿ ಬಿಳಿ ಬೂಷ್ಟು ಕಂಡರೆ ಹಾಗೇ ಹಾಕಬೇಡಿ, ಅದು ಪ್ಲೇಯರಿನ ಹೆಡ್‌ಗೆ ಅಂಟಿ ಮುಂದಿನ ಕ್ಯಾಸೆಟ್ಟನ್ನೂ ಕೆಡಿಸುತ್ತದೆ. ಅಂಥವನ್ನು ಬೇರೆ ಇಟ್ಟು ತಿಳಿದವರಿಗೆ ಕೊಡಿ. ಚೆನ್ನಾಗಿರುವುದನ್ನು ಒಮ್ಮೆ ಪೂರ್ತಿ ಮುಂದಕ್ಕೆ, ಒಮ್ಮೆ ಪೂರ್ತಿ ಹಿಂದಕ್ಕೆ ಓಡಿಸಿದ ಮೇಲೆ ಹಾಕಿ. ಮೇಲಂಚಿನ ಎರಡು ಪುಟ್ಟ ಪ್ಲಾಸ್ಟಿಕ್ ಚೂರುಗಳನ್ನು ಮುರಿದುಬಿಟ್ಟರೆ ಯಾರೂ ಕೈತಪ್ಪಿ ಅದರ ಮೇಲೆ ಬೇರೆ ರೆಕಾರ್ಡ್ ಮಾಡಲು ಆಗುವುದಿಲ್ಲ. ಟೇಪ್‌ರೆಕಾರ್ಡರಿನ ಹೆಡ್‌ಫೋನ್ ತೂತಿನಿಂದ ಕಂಪ್ಯೂಟರಿಗೆ ಒಂದು ಕೇಬಲ್ ಹಾಕಿದರೆ ಆಡಾಸಿಟಿ ಎಂಬ ಉಚಿತ ಸಾಫ್ಟ್‌ವೇರಿನಲ್ಲಿ ಹಾಡು ಇಳಿಸಿಕೊಳ್ಳಬಹುದು. ಅರವತ್ತು ನಿಮಿಷದ ಕ್ಯಾಸೆಟ್ಟಿಗೆ ಅರವತ್ತು ನಿಮಿಷವೇ ಬೇಕು, ಅವಸರ ನಡೆಯದು. ಕಾಲೇಜಿಗೆ ಹೋಗುವ ಮಕ್ಕಳನ್ನು ಕೂರಿಸಿಕೊಳ್ಳಿ. ಕೇಬಲ್ಲಿನ ಕೆಲಸ ಅವರಿಗೆ ಗೊತ್ತು, ರಾಗದ ಹೆಸರು ನಿಮಗೆ ಗೊತ್ತು.

ಇಳಿಸಿಕೊಂಡ ತಕ್ಷಣ ಯಾರು, ಎಲ್ಲಿ, ಯಾವ ವರ್ಷ, ಪಕ್ಕವಾದ್ಯ ಯಾರದ್ದು ಎಂದು ಬರೆದಿಡಿ. ಕ್ಯಾಸೆಟ್ಟಿನ ಕಾಗದದಲ್ಲಿ ಮಾವನವರ ಕೈಬರಹ ಇದ್ದರೆ ಅದನ್ನೂ ಒಂದು ಫೋಟೊ ತೆಗೆದು ಅದರ ಜೊತೆಗೇ ಇಡಿ.