ಕಾಯಿಲೆಯ ದಿನಗಳಲ್ಲಿ ದನಕರುಗಳ ಹೊಣೆ

ದೀರ್ಘಕಾಲದ ಕಾಯಿಲೆಯು ಶರೀರವನ್ನು ಕುಗ್ಗಿಸುವ ಜೊತೆಗೆ ಮನೆಯಲ್ಲಿ ವ್ಯಕ್ತಿಗಿದ್ದ ಸ್ಥಾನವನ್ನೂ ಕುಗ್ಗಿಸುತ್ತದೆ. ಹೊಲದ ಕೆಲಸವನ್ನು, ಮನೆಯ ಖರ್ಚನ್ನು ತಾವೇ ನಿರ್ಧರಿಸುತ್ತಿದ್ದವರು ಇತರರಿಂದ ಆರೈಕೆ ಪಡೆಯುವವರಾಗಿ ಮಾತ್ರ ಉಳಿದುಬಿಡುತ್ತಾರೆ. ಪ್ರಾಣಿಗಳ ಪಾಲನೆಯಿಂದ ರೋಗಿಗೆ ಆಗುವ ಸಹಾಯವನ್ನು ಈ ನಷ್ಟದ ಹಿನ್ನೆಲೆಯಲ್ಲಿ ನೋಡಬೇಕು. ಪ್ರಾಣಿಯ ಮೈದಡವಿದಾಗ ಸಿಗುವ ಹಿತ ಸುಳ್ಳಲ್ಲ. ಆದರೆ ತನ್ನನ್ನೇ ನಂಬಿದ ಜೀವವೊಂದಕ್ಕೆ ಹೊತ್ತುಹೊತ್ತಿಗೆ ಮೇವು, ನೀರು ಒದಗಿಸುವ ಹೊಣೆಯು ಕಳೆದುಹೋದ ಸ್ಥಾನದ ಒಂದು ಭಾಗವನ್ನು ಮರಳಿ ಕೊಡುತ್ತದೆ ಎಂಬುದೇ ಅದಕ್ಕಿಂತ ಮುಖ್ಯವಾದ ಸಂಗತಿ.

ಈ ವಿಚಾರಕ್ಕೆ ಬಳ್ಳಾರಿ ಜಿಲ್ಲೆಯೊಂದಿಗೆ ವಿಶೇಷವಾದ ನಂಟಿದೆ. ಭಾರತ ಸರ್ಕಾರವು 1982ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮವನ್ನು ಆರಂಭಿಸಿದ ಬಳಿಕ, ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು 1985ರಿಂದ 1990ರವರೆಗೆ ಈ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಕಾರ್ಯಕರ್ತರಿಗೂ ತರಬೇತಿ ನೀಡಿ, ಮೂರ್ಛೆರೋಗಕ್ಕೂ, ವಾಸ್ತವದ ಅರಿವು ತಪ್ಪಿಸುವ ತೀವ್ರ ಮನೋರೋಗಗಳಿಗೂ ಊರಿನ ಹತ್ತಿರದಲ್ಲೇ ಚಿಕಿತ್ಸೆ ದೊರೆಯುವ ವ್ಯವಸ್ಥೆಯನ್ನು ಪ್ರಯೋಗಿಸಿತು. ‘ಬಳ್ಳಾರಿ ಮಾದರಿ’ ಎಂದು ಹೆಸರಾದ ಈ ಪ್ರಯೋಗವೇ 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ತಳಹದಿಯಾಯಿತು. ರೋಗಿಯನ್ನು ದೂರದ ಆಸ್ಪತ್ರೆಗೆ ಸೇರಿಸಿ ಮನೆಯಿಂದ ಅಗಲಿಸದೆ, ಅವನ ಬದುಕಿನ ನಡುವೆಯೇ ಗುಣಪಡಿಸಬೇಕು ಎಂಬುದು ಅದರ ತಿರುಳು. ಸಿರುಗುಪ್ಪ, ಕುರುಗೋಡು ಭಾಗದ ಹಳ್ಳಿಗಳಲ್ಲಿ ಆ ಬದುಕೆಂದರೆ ಎಮ್ಮೆ, ಎತ್ತು, ಕುರಿಗಳೂ ಸೇರಿದ ಬದುಕು.

ಖಿನ್ನತೆಯಲ್ಲಿ ಉತ್ಸಾಹ ಬಂದ ಮೇಲೆ ಕೆಲಸ ಮಾಡೋಣ ಎಂದು ಕಾಯುವವರಿಗೆ ಆ ಉತ್ಸಾಹ ಬರುವುದೇ ಇಲ್ಲ. ಆದ್ದರಿಂದ ಚಿಕ್ಕಪುಟ್ಟ ಕೆಲಸಗಳನ್ನು ಮೊದಲು ಮಾಡಿಸಿ, ಅದರಿಂದ ಮನಸ್ಸು ಚೇತರಿಸಿಕೊಳ್ಳುವಂತೆ ನೋಡಿಕೊಳ್ಳುವ ವಿಧಾನವೊಂದು ಮನಶ್ಚಿಕಿತ್ಸೆಯಲ್ಲಿದೆ. ಅದನ್ನು ವರ್ತನಾ ಸಕ್ರಿಯತೆ ಎಂದು ಕರೆಯಬಹುದು. ಹಾಲು ಕರೆಯುವ ಎಮ್ಮೆಯಿರುವ ಮನೆಯಲ್ಲಿ ಈ ಚಿಕಿತ್ಸೆ ಯಾರೂ ಬರೆದುಕೊಡದೆಯೇ ನಡೆಯುತ್ತಿರುತ್ತದೆ: ಬೆಳಗ್ಗೆ ಡೇರಿಗೆ ಹಾಲು ಹಾಕುವ ಹೊತ್ತು ಯಾರ ಮನಃಸ್ಥಿತಿಗೂ ಕಾಯುವುದಿಲ್ಲ, ಗೋದಲಿಗೆ ಬತ್ತದ ಹುಲ್ಲು ಹಾಕಿದೊಡನೆ ಮಾಡಿದ ಕೆಲಸದ ಫಲ ಕಣ್ಣೆದುರಿಗೇ ಕಾಣುತ್ತದೆ, ಹಾಲಿನ ಹಣ ಕೈಸೇರಿದಾಗ ಮನೆಯವರೂ ಆ ವ್ಯಕ್ತಿಯನ್ನು ಬೇರೆ ಬಗೆಯಲ್ಲಿ ಕಾಣತೊಡಗುತ್ತಾರೆ. ಮನೋರೋಗಕ್ಕೆ ಅಂಟಿದ ಕಳಂಕದ ಅರಿವು ಎಮ್ಮೆಗಿಲ್ಲ ಎಂಬುದೂ ಸಣ್ಣ ಮಾತಲ್ಲ.

ಈ ತಿಳಿವಳಿಕೆಗೆ ಸಂಶೋಧನೆಯ ಬೆಂಬಲವೂ ಇದೆ. ನಾರ್ವೆಯಲ್ಲಿ ನಡೆದು 2008ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ 90 ಮಂದಿ ಮನೋರೋಗಿಗಳ ಪೈಕಿ ಒಂದು ಗುಂಪು 12 ವಾರಗಳ ಕಾಲ ದನಕರುಗಳಿರುವ ತೋಟಗಳಲ್ಲಿ ಅವುಗಳ ಆರೈಕೆ ಮಾಡಿತು. ಆರು ತಿಂಗಳ ಬಳಿಕ ಪರಿಶೀಲಿಸಿದಾಗ, ತನ್ನಿಂದ ಇದು ಸಾಧ್ಯ ಎಂಬ ಭರವಸೆ ಆ ಗುಂಪಿನಲ್ಲಿ ಹೆಚ್ಚಿತ್ತು. ಹೃದಯದ ಕಾಯಿಲೆಯ ವಿಷಯದಲ್ಲಿ ಎರಿಕಾ ಫ್ರೀಡ್ಮನ್ ಮತ್ತು ಸಂಗಡಿಗರು 1980ರಲ್ಲಿ ಅಮೆರಿಕದಿಂದ ಪ್ರಕಟಿಸಿದ ವರದಿ ಪ್ರಸಿದ್ಧವಾಗಿದೆ: ಸಾಕುಪ್ರಾಣಿಗಳಿದ್ದ 53 ರೋಗಿಗಳಲ್ಲಿ ಒಂದು ವರ್ಷದೊಳಗೆ ತೀರಿಕೊಂಡವರು 3 ಮಂದಿ, ಇಲ್ಲದ 39 ರೋಗಿಗಳಲ್ಲಿ 11 ಮಂದಿ. ಪ್ರಾಣಿ ಸಾಕುವ ಶಕ್ತಿಯಿದ್ದವರು ಮೊದಲೇ ಗಟ್ಟಿಯಾಗಿದ್ದಿರಬಹುದಾದ್ದರಿಂದ ಈ ಅಂಕಿಗಳನ್ನು ಪೂರ್ಣ ಪುರಾವೆ ಎನ್ನಲಾಗದು.

ಎಚ್ಚರವೂ ಅಷ್ಟೇ ಅಗತ್ಯ. ಮೂರ್ಛೆರೋಗವಿರುವವರು ಸಿರುಗುಪ್ಪ ಭಾಗದ ತುಂಗಭದ್ರಾ ಕಾಲುವೆಗಳಲ್ಲಿ ಎಮ್ಮೆಗಳ ಮೈತೊಳೆಯಲು ಒಬ್ಬರೇ ಇಳಿಯುವುದು ಪ್ರಾಣಕ್ಕೇ ಅಪಾಯ. ಮನೋರೋಗದ ಕೆಲವು ಔಷಧಗಳು ಶರೀರವು ಬಿಸಿಲನ್ನು ತಾಳುವ ಶಕ್ತಿಯನ್ನು ತಗ್ಗಿಸುವುದರಿಂದ, ಬೇಸಿಗೆಯಲ್ಲಿ ಉಷ್ಣಾಂಶ 40 ಡಿಗ್ರಿ ದಾಟುವ ಈ ಸೀಮೆಯಲ್ಲಿ, ಕುರುಗೋಡಿನ ಗುಡ್ಡಗಳ ಬದಿಯಲ್ಲಿ ಕುರಿ ಮೇಯಿಸುವವರು ನಡುಮಧ್ಯಾಹ್ನವನ್ನು ತಪ್ಪಿಸಿ, ನೀರು ಕುಡಿಯುತ್ತಿರಬೇಕು. ಕಂದು ಹಾಕಿದ ಹಸು, ಎಮ್ಮೆಗಳ ಮಾಸನ್ನು ಬರಿಗೈಯಲ್ಲಿ ಮುಟ್ಟುವುದರಿಂದಲೂ, ಹಸಿ ಹಾಲು ಕುಡಿಯುವುದರಿಂದಲೂ ಬ್ರೂಸೆಲ್ಲೋಸಿಸ್ ಎಂಬ ಜ್ವರರೋಗ ಹರಡುತ್ತದೆ. ಕ್ಯಾನ್ಸರ್ ಚಿಕಿತ್ಸೆಯಲ್ಲಿದ್ದು ರೋಗನಿರೋಧಕ ಶಕ್ತಿ ಕುಂದಿದವರು ವೈದ್ಯರನ್ನು ಕೇಳಿಯೇ ಇಂಥ ಕೆಲಸಕ್ಕೆ ಕೈಹಾಕಬೇಕು. ಬಳ್ಳಾರಿ ನಗರದ ಇಕ್ಕಟ್ಟಿನ ಮನೆಗಳಲ್ಲಿ ನಾಯಿ, ಬೆಕ್ಕು ಸಾಕುವವರು ಅವುಗಳಿಗೆ ರೇಬಿಸ್ ಲಸಿಕೆ ಹಾಕಿಸಬೇಕು. ದನಗಳ ಸಹವಾಸದಿಂದ ಮನಸ್ಸು ಹಗುರವಾಯಿತೆಂದು ಮಾತ್ರೆ ನಿಲ್ಲಿಸುವುದಂತೂ ಕೂಡದು.

ಕಾಯಿಲೆ ಬಂದ ಮನೆಯಲ್ಲಿ ಮೊದಲು ಮಾರಾಟವಾಗುವುದು ಬಹಳ ಸಲ ಎಮ್ಮೆಯೋ ಕುರಿಯೋ ಆಗಿರುತ್ತದೆ. ಆಸ್ಪತ್ರೆಯ ಖರ್ಚಿಗೆ ಅದು ಅನಿವಾರ್ಯವೆನಿಸಿದರೂ, ರೋಗಿಯ ದಿನಚರಿಗೆ ಇದ್ದ ಆಧಾರವೇ ಅದರೊಂದಿಗೆ ಹೋಗುತ್ತದೆ ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವವರು ಕಡಿಮೆ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ನಿದ್ರೆ, ಹಸಿವುಗಳನ್ನು ವಿಚಾರಿಸುವಾಗಲೇ ಮನೆಯಲ್ಲಿ ದನಗಳಿವೆಯೇ, ಅವುಗಳ ಕೆಲಸದಲ್ಲಿ ಯಾವುದನ್ನು ಈಗಲೂ ಮಾಡಬಲ್ಲಿರಿ ಎಂದು ಕೇಳುವುದು ಕಷ್ಟವಲ್ಲ. ಸಗಣಿ ಬಾಚುವ, ಕೊಡ ಹೊರುವ ಭಾರದ ಕೆಲಸವನ್ನು ಮನೆಯವರು ವಹಿಸಿಕೊಂಡು, ಮೇವು ಹಾಕುವ, ಕರುವನ್ನು ಬಿಟ್ಟು ಕಟ್ಟುವ ಕೆಲಸವನ್ನು ರೋಗಿಗೆ ಉಳಿಸಿದರೂ ಸಾಕಾಗುತ್ತದೆ.